ಸುಣ್ಣದಿಂದ ಬಂದದ್ದೇ ಆಗಲಿ

ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ವೇದಿಕೆಯಲ್ಲಿ ಕುರ್ಚಿ ಸಿಗದೆ ಮುಖ ಊದಿಸಿಕೊಂಡು ಕೆಳಗೆ ಕೂತಿರುವ ಇನ್ನುಳಿದ ಗಣ್ಯರೇ, ಊಟದ ಹೊತ್ತಿಗೆ ಸರಿಯಾಗಿ ಆಗಮಿಸಿರುವ ನನ್ನಂಥ ನಗಣ್ಯರೇ, ಗುಂಡ್ಲುಪೇಟೆಯ ಸಮಸ್ತ ಸಹೃದಯ ಸಜ್ಜನರೇ, ಹೃದಯ ಇಲ್ಲದಿದ್ದರೂ ಕಿವಿಯಾದರೂ ಇರುವ ಮಹಾಜನರೇ. ಈ ದಿನ ತಮ್ಮ ಮುಂದೆ ಮಂಡಿಸಲಿರುವ ವಿಷಯ, ಮನುಷ್ಯನ ಮಿದುಳಿನೊಳಗೆ ಕಂಡುಬರುವ ಬಿಳಿಯ ಬಣ್ಣ. ಅದು ರಕ್ತವೋ ಸುಣ್ಣವೋ ಎಂದು ತಿಳಿಸುವ ನನ್ನ ಪ್ರಯತ್ನ ಸಣ್ಣ...

ಅವ್ವ, ನಗಬೇಡ.

ಸಭೆಯೂ ಇಲ್ಲ, ಗಣ್ಯರೂ ಇಲ್ಲ. ಮೈಕ್‌ಸೆಟ್ ಮಾದೇವನ ಅಂಗಡಿಯ ಹಿಂದೆ, ಸದ್ದು ಬರಬಾರದೆಂದು ಗೋಡೆಗೆಲ್ಲ ಹಳೇ ಕಂಬಳಿ ಹೊಡೆದಿರುವ ಆ ಕೋಣೆಯಲ್ಲಿ ನಾನೊಬ್ಬನೇ ಕೂತಿದ್ದೇನೆ. ನಿನಗೊಂದು ಕಾಗದ ಬರೆಯೋಣ ಅಂತ ಪೆನ್ನು ಹಿಡಿದರೆ ಕೈ ತನ್ನಷ್ಟಕ್ಕೆ ಭಾಷಣ ಬರೆಯಿತು. ನೀನಿದ್ದಾಗ ನಾನು ಹೀಗೆ ಅಭ್ಯಾಸ ಮಾಡುತ್ತಿದ್ದರೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆಯಲ್ಲ, "ಯಾರಿಗ್ಲಾ ಬಿಗೀತಿದ್ದೀಯ ಭಾಷಣವ, ಗೋಡೆಗಾ?" "ಹೂಂ ಕಣವ್ವ." "ಬುಡು, ಗೋಡೆಯೇ ವಾಸಿ. ನಡುವೆ ಎದ್ದೋಗಕಿಲ್ಲ."

ವಿಷಯಕ್ಕೆ ಬರುತ್ತೇನೆ. ಬರುವ ಸೋಮವಾರ ಮೈಸೂರಿಗೆ ಹೋಗಿ, ನಿನ್ನ ತಲೆಯನ್ನು ಇಟ್ಟಿದ್ದರಲ್ಲ, ಅಂಥದೇ ಯಂತ್ರದೊಳಗೆ ನನ್ನ ತಲೆಯನ್ನೂ ಇಡಬೇಕಾಗಿದೆ. ನಿನಗೆ ಇದ್ದದ್ದು ನನಗೂ ಇದೆಯೋ ಇಲ್ಲವೋ ಅಂತ ನೋಡುವುದಕ್ಕೆ. ಹೋಗಲೋ ಬೇಡವೋ ಅಂತ ಯೋಚಿಸುತ್ತಾ ಇದ್ದೇನೆ. ಯೋಚನೆ ನನ್ನೊಬ್ಬನ ಕೈಲಿ ಆಗುವುದಿಲ್ಲ ಅನ್ನಿಸಿತು. ಅದಕ್ಕೇ ಈ ಕಾಗದ.

ಕಸದ ಗಾಡಿಯಲ್ಲಿ ನನ್ನ ದನಿ ಮೊದಲ ಸಲ ಬಂದ ದಿನ ನೆನಪಿದೆಯಾ? ಬಿ.ಎ.ಯಲ್ಲಿ ಕನ್ನಡ ಓದಿದ ಮಗ ಮೇಷ್ಟ್ರಾಗುತ್ತಾನೆ ಅಂತ ನೀನು ಕಾದೆ, ಮಗ ಕಸದ ಗಾಡಿಯ ಮೈಕಾದ. "ಹಸಿಕಸ ಹಸಿರು ಡಬ್ಬಿಗೆ, ಒಣಕಸ ನೀಲಿ ಡಬ್ಬಿಗೆ, ಬೀದಿಗೆ ಎಸೆದರೆ ನಿಮ್ಮ ಹೆಸರು ನೇರ ಪುರಸಭೆಗೆ." ನಾನು ನಾಚಿಕೆಯಿಂದ ಒಳಗೆ ಕೂತಿದ್ದೆ. ನೀನು ಹೊರಗೆ ಹೋಗಿ ಗಾಡಿಗೆ ಅಡ್ಡ ನಿಂತು ಡ್ರೈವರಿಗೆ ಹೇಳಿದೆ, "ನನ್ ಮಗನ್ ದನಿ ಕಣಪ್ಪ ಅದು, ವಸಿ ಜೋರಾಗಿ ಆಕು." ಅವನು ಜೋರಾಗಿ ಹಾಕಿದ. ಆವತ್ತು ನಮ್ಮ ಬೀದಿಯ ನಾಯಿಗಳೆಲ್ಲ ಪುರಸಭೆಯ ಕಡೆಗೆ ಮುಖ ಮಾಡಿ ಊಳಿಟ್ಟವು. ಆಮೇಲೆ ಕೆಲಸ ಹುಡುಕಿಕೊಂಡೇ ಬಂತು. ಸೀರೆ ಅಂಗಡಿ, ಹೊಸ ಹೋಟ್ಲು, ಬಂಡೀಪುರದ ದಾರಿಯಲ್ಲಿ ಮಂಗಗಳಿಗೆ ತಿಂಡಿ ಎಸೆಯುವವರಿಗೊಂದು: "ಕೋತಿಗೆ ಕೊಟ್ಟರೆ ಬಾಳೆಹಣ್ಣು, ನಾಳೆ ಕಾರಿನ ಮೇಲೇ ಅದರ ಕಣ್ಣು."

ಪ್ರಾಸ ನಾನು ಕಾಲೇಜಿನಲ್ಲಿ ಕಲಿತದ್ದು ಅಂತ ಜನ ತಿಳಿದಿದ್ದಾರೆ. ಅಲ್ಲಿ ಅದಕ್ಕೆ ಹೆಸರು ಕಲಿತೆ ಅಷ್ಟೆ. ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಒದ್ದೆ ಗೋಣಿಚೀಲ ಹಾಸಿ, ಎಲೆ ಕಟ್ಟು ಜೋಡಿಸಿ, ಬಸ್ಸಿನ ಹಾರನ್ನಿಗೂ ಮೇಲೆ ನೀನು ಕೂಗುತ್ತಿದ್ದದ್ದು ಏನು? "ಚಿಗುರೆಲೆ ಕಣಣ್ಣ ಚಿಗುರೆಲೆ, ಬೀಗ್ರ ಮುಂದೆ ನಿಮ್ಗೇ ಬೆಲೆ." ಕೇರಳದ ಲಾರಿ ಕಂಡರೆ ಭಾಷೆಯೇ ಬದಲು, "ವೆತ್ತಿಲಾ, ವೆತ್ತಿಲಾ." ಸಂತೆಮರಹಳ್ಳಿಯ ಸಂತೆಯಲ್ಲಿ ನೀನಿದ್ದೀಯೋ ಇಲ್ಲವೋ ಅಂತ ಬಸ್ಸು ಇಳಿಯುವ ಮೊದಲೇ ತಿಳಿಯುತ್ತಿತ್ತಂತೆ. ವ್ಯಾಪಾರ ಇಲ್ಲದಾಗ ಒಂದು ಎಲೆ ತೊಡೆಯ ಮೇಲಿಟ್ಟು ಬೆನ್ನು ಸವರಿ, ತೊಟ್ಟು ಮುರಿದು, ಬೆರಳ ತುದಿಯಲ್ಲಿ ಸುಣ್ಣ ಹಚ್ಚುತ್ತಿದ್ದೆ. ಅಷ್ಟು ಸಣ್ಣಗೆ, ಅಷ್ಟು ಸಾವಧಾನವಾಗಿ ನೀನು ಬೇರೆ ಯಾವ ಕೆಲಸವನ್ನೂ ಮಾಡಿದ್ದು ನಾನು ಕಾಣೆ. ನನಗೆ ತಲೆ ಬಾಚುವಾಗ ಕೂಡ.

ನೀನು ಬಿದ್ದದ್ದು ಚಾಮರಾಜನಗರದಲ್ಲಿ, ನಿನ್ನ ತಂಗಿ ನಾಗಮ್ಮ ಚಿಕ್ಕವ್ವನ ನಡುಮನೆಯಲ್ಲಿ, ಅವಳ ಮೊಮ್ಮಗುವಿಗೆ ಹೆಸರಿಡುವ ದಿನ. ಬಂದವರಿಗೆ ಕೊಡುವ ಎಲೆ ಅಡಿಕೆ ತಟ್ಟೆ ಜೋಡಿಸುವುದು ಯಾವತ್ತೂ ನಿನ್ನದೇ ಕೆಲಸ. "ತಟ್ಟೆ ಎಲ್ಲಕ್ಕ?" ಅಂತ ಚಿಕ್ಕವ್ವ ಕೇಳಿದಳು. ನೀನು ಏನೋ ಹೇಳಲು ಹೋದೆ, ಮಾತು ಬಾಯಲ್ಲೇ ಅಂಟಿಕೊಂಡಿತು, ಎಡಗೈ ಅದುರಿತು, ಎಲೆಗಳ ಮೇಲೇ ಬಿದ್ದುಬಿಟ್ಟೆ. ಅದಕ್ಕೂ ಮುಂಚೆ ಎಷ್ಟೋ ತಿಂಗಳಿಂದ ನಿನ್ನ ಮಾತು ಎಳೆಯುತ್ತಿತ್ತು ಅಂತ ಈಗ ಎಲ್ಲರೂ ಹೇಳುತ್ತಾರೆ. ಬಾಯಲ್ಲಿ ಸದಾ ಎಲೆ ಇರುವವರ ಮಾತು ಎಳೆದರೆ ಯಾರಿಗೆ ಗೊತ್ತಾಗಬೇಕು?

ಅಲ್ಲಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಆ ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದರು. ನಿನ್ನ ತಲೆಯನ್ನು ನಾನು ಒಳಗಿನಿಂದ ನೋಡಿದ್ದು ಅದೇ ಮೊದಲು. ನಡುವೆ ಎರಡು ಬಿಳಿ ಗುರುತು. ಯಾರೋ ಹೆಬ್ಬೆಟ್ಟು ಒತ್ತಿದ ಹಾಗೆ, ಎಡಕ್ಕೊಂದು, ಬಲಕ್ಕೊಂದು. "ಎರಡೂ ಕಡೆ ರಕ್ತಸ್ರಾವ ಆಗಿದೆ. ಸ್ಟ್ರೋಕು. ತಡ ಮಾಡದೆ ಮೈಸೂರಿಗೆ ಕರ್ಕೊಂಡು ಹೋಗಿ," ಅಂದರು. ಅವರ ಮುಖವೂ ಬಿಳುಚಿತ್ತು. ನಾನು ಅವರನ್ನು ಬೈಯುವುದಿಲ್ಲ. ಆ ಯಂತ್ರಕ್ಕೆ ಹೊಸ ರಕ್ತವೂ ಬೆಳ್ಳಗೇ ಕಾಣುತ್ತದಂತೆ, ಸುಣ್ಣವೂ ಬೆಳ್ಳಗೇ ಕಾಣುತ್ತದಂತೆ. ಕಣ್ಣೆದುರು ಒಬ್ಬ ಮುದುಕಿಗೆ ಮಾತು ಬಿದ್ದಿದೆ, ಕೈ ಬಿದ್ದಿದೆ, ತಲೆಯೊಳಗೆ ಬಿಳಿ ಇದೆ. ಯಾರಾದರೂ ಮೊದಲು ಏನಂದುಕೊಳ್ಳುತ್ತಾರೆ?

ಆಂಬುಲೆನ್ಸ್ ಹೊರಡುವ ಹೊತ್ತಿಗೆ ನಿನ್ನ ತಮ್ಮ, ನಮ್ಮ ಕುದೇರು ಮಾವ, ಓಡಿ ಬಂದ. ಕೈಯಲ್ಲೊಂದು ಬುತ್ತಿ ಚೀಲ. ಚೀಲ ಅಲುಗಾಡುತ್ತಿತ್ತು.

"ಏನ್ ಮಾವ ಅದು?"

"ಪಾರಿವಾಳ ಕಣ್ಲಾ. ಲಕ್ವ ಒಡ್ದಾಗ ಬಿಸಿರಕ್ತ ತಿಕ್ಕಬೇಕು. ಬಿದ್ದ ಕೈ ಎದ್ದು ಕೂತ್ಕತದೆ."

"ಆಸ್ಪತ್ರೆ ಒಳಕ್ಕೆ ಬಿಡ್ತಾರಾ?"

"ಅದ್ಕೇ ಅಲ್ವಾ ಬುತ್ತಿ ಚೀಲ."

ಮೈಸೂರಿನಲ್ಲಿ ವಯಸ್ಸಾದ ಡಾಕ್ಟರು ಆ ಹಾಳೆಯನ್ನು ನೋಡಿದರು, ದೂರ ಹಿಡಿದು ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು. ಆ ಮೌನದಲ್ಲಿ ಚೀಲ ಗುಟುರ್ ಅಂದಿತು. "ಏನು ಶಬ್ದ ಅದು?" "ನನ್ ಒಟ್ಟೆ ಕಣ್ ಬುದ್ಧಿ," ಅಂದ ಮಾವ, "ಬೆಳಗಿಂದ ಕೂಳಿಲ್ಲ." ಡಾಕ್ಟರು ಹಾಳೆಯ ಮೇಲೆ ಬೆರಳಿಟ್ಟು ನನಗೆ ತೋರಿಸಿದರು. "ರಕ್ತ ಸೋರಿದ್ರೆ ದಾರಿ ಸಿಕ್ಕ ಕಡೆ ಹರಡುತ್ತೆ. ಕನ್ನಡಿ ಹಿಡಿದ ಹಾಗೆ ಎರಡೂ ಕಡೆ ಒಂದೇ ಥರ, ಒಂದೇ ಜಾಗದಲ್ಲಿ ಹೀಗೆ ಅಚ್ಚುಕಟ್ಟಾಗಿ ಕೂರೋದು ಅಪರೂಪ. ಇದು ರಕ್ತ ಅಲ್ಲ. ಸ್ಟ್ರೋಕ್ ಅಲ್ಲ. ಇವತ್ತು ಆಗಿರೋದು ಒಂದು ಫಿಟ್ಸು, ಕೈ ನಿಧಾನಕ್ಕೆ ಸರಿಹೋಗುತ್ತೆ." ಚಿಕ್ಕವ್ವ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಮಾವ ಮೆಲ್ಲಗೆ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಬರೀ ಚೀಲ ಹಿಡಿದು ಬಂದ. ಆ ಡಾಕ್ಟರು ಒಂದೇ ಮಾತಿನಲ್ಲಿ ಎರಡು ಜೀವ ಉಳಿಸಿದರು.

ಅಲ್ಲಿಗೇ ಎದ್ದು ಬಂದುಬಿಟ್ಟಿದ್ದರೆ? ಚಿಕ್ಕವ್ವ ಕಣ್ಣೊರೆಸಿಕೊಂಡು ಕೇಳಿದಳು, "ರಕ್ತ ಅಲ್ಲ ಅಂದ್ರೆ ಇನ್ನೇನು ಬುದ್ಧಿ ಅದು?" "ಕ್ಯಾಲ್ಸಿಯಂ. ವರ್ಷಾನುಗಟ್ಟಲೆಯಿಂದ ಒಂದೊಂದ್ ಚೂರೇ ಕೂತಿರುತ್ತೆ." "ಅಂಗಂದ್ರೆ?" ಪಾಪ, ಅವರು ನಮಗೆ ತಿಳಿಯಲಿ ಅಂತಲೇ ಹೇಳಿದರು, "ಸುಣ್ಣದ ಅಂಶ ಕಣಮ್ಮ." ಚಿಕ್ಕವ್ವ ನಿಧಾನವಾಗಿ ತಿರುಗಿ ನಿನ್ನನ್ನು ನೋಡಿದಳು. ನೀನು ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದೆ, ತುಟಿ ಕೆಂಪಗೆ, ಮೂಲೆಯಲ್ಲಿ ಇನ್ನೂ ಒಣಗಿದ ಎಲೆರಸ. ಹುಟ್ಟಿದಾಗಿನಿಂದ ನಿನ್ನನ್ನು ನೋಡಿದ್ದವಳು ಆ ಗಳಿಗೆಯಲ್ಲಿ ಕಳ್ಳಿಯನ್ನು ಹಿಡಿದವಳ ಹಾಗೆ ನೋಡಿದಳು.

ಗುಂಡ್ಲುಪೇಟೆಗೆ ಬಂದ ಮೇಲೆ ಅವಳು ನಮ್ಮ ಮನೆಯಲ್ಲೇ ಠಾಣೆ ಹಾಕಿದಳಲ್ಲ. ನಿನ್ನ ಸುಣ್ಣದ ಡಬ್ಬಿಯನ್ನು ಬರಿಗೈಲಿ ಮುಟ್ಟದೆ ಸೆರಗಿನಲ್ಲಿ ಹಿಡಿದು ತಿಪ್ಪೆಗೆ ಎಸೆದು ಬಂದಳು. "ದಿನಕ್ಕೆ ಒಂದೊಂದ್ ಬೆರಳು ಅಂದ್ರೂ ಈ ಅರವತ್ ವರ್ಸಕ್ಕೆ ಎಷ್ಟಾಯ್ತು ಲೆಕ್ಕ ಆಕಕ್ಕ. ಒಂದ್ ಮನೆ ಗೋಡೆ ಬಳೀಬೋದು. ಎಲ್ಲೋಯ್ತು ಅದೆಲ್ಲ? ಮೇಲಕ್ಕೇ ಅಲ್ವಾ?" ಅವಳ ಸಿದ್ಧಾಂತಕ್ಕೆ ಎದುರಾಡಲು ವಿಜ್ಞಾನವೇ ಹೆದರಬೇಕು. ಆಮೇಲೆ ಪಕ್ಕದ ಮನೆಯವರಾರೋ ರಾಗಿಯಲ್ಲೂ ಕ್ಯಾಲ್ಸಿಯಂ ಇದೆ ಅಂದರು. ಮಧ್ಯಾಹ್ನ ನಿನ್ನ ತಟ್ಟೆಯಲ್ಲಿ ಮುದ್ದೆ ಇಲ್ಲ, ಬರೀ ಅನ್ನ. ನೀನು ತಟ್ಟೆ ದಬ್ಬಿದೆ.

"ಮುದ್ದೆ ಬುಟ್ಟು ಇನ್ನೇನ್ ತಿನ್ಲಿ, ನಿನ್ ತಲೆಯಾ?"

"ನನ್ ತಲೇಲಿ ಸುಣ್ಣ ಇಲ್ಲ, ಬೇಕಾರೆ ತಿನ್ನು," ಅಂದಳು ಚಿಕ್ಕವ್ವ.

ಮುದ್ದೆಯನ್ನು ನೀನು ಗೆದ್ದುಕೊಂಡೆ. ಸಂಜೆ ಜಗಲಿಯಲ್ಲಿ ಕೂತಾಗ, "ಗೋಡೆಗೆ ಒರಗಬ್ಯಾಡ ಕಣಕ್ಕ, ಹೋದ ಹಬ್ಬಕ್ಕೆ ಬಳ್ದಿದ್ದು," ಅಂದದ್ದಕ್ಕೆ ನೀನು ಬೇಕೆಂದೇ ತಲೆಯನ್ನು ಗೋಡೆಗೆ ಉಜ್ಜಿ ಅವಳ ಮುಖ ನೋಡಿದೆ. ನಾವೆಲ್ಲ ನಕ್ಕೆವು. ಸುಣ್ಣ ಮಾತ್ರ ಮನೆಯೊಳಗೆ ಬರಲಿಲ್ಲ. ಆಗ ನನಗೂ ಇದು ನಾಲ್ಕು ದಿನದ ತಮಾಷೆ ಅಂತಲೇ ಇತ್ತು. ಮುಂದಿನ ಸಲ ಮೈಸೂರಿಗೆ ಹೋದಾಗ ಡಾಕ್ಟರ ಬಾಯಿಂದಲೇ ಹೇಳಿಸಿದರೆ ಆಯಿತು ಅಂತ.

ಆ ಮುಂದಿನ ಸಲವನ್ನು ನೀನೂ ಮರೆತಿರಲಾರೆ. ನಾವಿಬ್ಬರೇ ಹೋಗಿದ್ದೆವು. ನಿನ್ನ ರಕ್ತದ ಪರೀಕ್ಷೆಗಳೆಲ್ಲ ಬಂದಿದ್ದವು, ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕೋ ಅಷ್ಟೇ ಇತ್ತು. ನಾನು ಮೊದಲು ಕೇಳಿದ್ದೇ ಅದನ್ನು. "ಎಲೆಗೆ ಹಾಕೋ ಸುಣ್ಣಕ್ಕೂ ಇದಕ್ಕೂ ಸಂಬಂಧ ಇದೆಯಾ ಸಾರ್?" ಡಾಕ್ಟರು ನಕ್ಕರು. "ಏನೇನೂ ಇಲ್ಲ." ನಾನು ನಿನ್ನ ಕಡೆ ನೋಡಿದೆ, ಗೆದ್ದವನ ಹಾಗೆ. ಅವರು ಮಾತು ಮುಂದುವರಿಸಿದರು. "ನಿಮ್ಮ ತಾಯಿಗೆ ಹೀಗೇನಾದ್ರೂ ಇತ್ತಾ ಅಮ್ಮ? ಮಾತು ಎಳೆಯೋದು, ಕೈ ನಡುಗೋದು?" ನೀನು, "ಕೊನೇಲಿ ವಸಿ ಇತ್ತು ಬುದ್ಧಿ. ವಯಸ್ಸಾಗಿತ್ತು," ಅಂದೆ. "ಕೆಲವು ಮನೆತನದಲ್ಲಿ ಇದು ರಕ್ತದಲ್ಲೇ ಇಳಿದು ಬರುತ್ತೆ. ತಾಯಿಗೋ ತಂದೆಗೋ ಇದ್ರೆ ಮಕ್ಕಳಿಗೆ ಬರೋದು, ಬಿಡೋದು ಅರ್ಧಕ್ಕರ್ಧ. ಬಂದವರಿಗೆಲ್ಲ ತೊಂದರೆ ಆಗ್ಲೇಬೇಕು ಅಂತಿಲ್ಲ, ಎಷ್ಟೋ ಜನ ಗೊತ್ತೇ ಇಲ್ಲದೆ ಬದುಕ್ತಾರೆ. ಕರಗಿಸೋ ಔಷಧಿ ಇಲ್ಲ. ತೊಂದರೆಗೆ ತಕ್ಕ ಮಾತ್ರೆ ಕೊಡ್ತೀವಿ." ಇದನ್ನೆಲ್ಲ ಅವರು ನನ್ನನ್ನು ನೋಡಿಕೊಂಡು ಹೇಳಿದರು. ನೀನು ನೋಡುತ್ತಿದ್ದದ್ದೂ ನನ್ನನ್ನೇ.

ವಾಪಸು ಹೊರಡುವಾಗ ಬಸ್‌ಸ್ಟ್ಯಾಂಡಿನಲ್ಲಿ ನಿನಗೆ ಅಂತ ಎಲೆ, ಅಡಿಕೆ, ಒಂದು ಸಣ್ಣ ಪೊಟ್ಟಣ ಸುಣ್ಣ ತಂದೆ. ಬಸ್ಸು ನಂಜನಗೂಡು ದಾಟಿದ ಮೇಲೆ ಎಲೆಗೆ ನಾನೇ ಸುಣ್ಣ ಹಚ್ಚಿ, ನಿನ್ನ ಹಾಗೆ ತೆಳ್ಳಗೆ ಬರಲಿಲ್ಲ, ಮಡಿಸಿ ಕೊಟ್ಟೆ. ನೀನು ತೆಗೆದುಕೊಳ್ಳಲಿಲ್ಲ.

"ಡಾಕ್ಟ್ರೇ ಹೇಳಿದ್ರಲ್ಲವ್ವ, ಸುಣ್ಣದಿಂದ ಅಲ್ಲ ಅಂತ."

"ಅವ್ರು ಅನ್ಲಿ."

"ಮತ್ತೆ?"

"ಸುಣ್ಣದಿಂದ ಬಂದದ್ದೇ ಆಗ್ಲಿ ಕಣ್ಲಾ."

"ಹಾಗೆಲ್ಲ ನಾವು ಹೇಳ್ದಂಗೆ ಆಗುತ್ತಾ?"

ನೀನು ಕಿಟಕಿಯ ಕಡೆ ತಿರುಗಿದೆ. ಹೊರಗೆ ಚೆಂಡುಹೂವಿನ ಹೊಲಗಳು ಓಡುತ್ತಿದ್ದವು. ಬಸ್ಸು ಬೇಗೂರಿಗೆ ಬಂತು. ಆಮೇಲೆ, ನನಗಲ್ಲ, ಕಿಟಕಿಗೆ ಹೇಳುವ ಹಾಗೆ ಅಂದೆ, "ನೀನು ಎಲೆ ಆಕಲ್ವಲ್ಲ."

ಮಡಿಸಿದ ಆ ಎಲೆ ನನ್ನ ಕೈಯಲ್ಲೇ ಉಳಿಯಿತು. ಬಾಯಿಗೆ ಹಾಕಿಕೊಳ್ಳಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ. ಅವ್ವ, ನಲವತ್ತು ದಾಟಿದ ಗಂಡಸು ಬಸ್ಸಿನಲ್ಲಿ ಅಳಬಾರದು ಅಂತ ಎಲ್ಲಿ ಬರೆದಿದೆ? ಬರೆದಿಲ್ಲ. ಆದರೂ ನಾನು ಅಳಲಿಲ್ಲ. ನಿನಗೆ ಅರ್ಥವಾಗಿದೆ ಅಂತ ನನಗೆ ಅರ್ಥವಾಗಿದೆ ಅನ್ನುವುದು ನಿನಗೆ ಗೊತ್ತಾಗಬಾರದಿತ್ತು.

ಅಂದಿನಿಂದ ಚಿಕ್ಕವ್ವ ಕಾವಲು ಕಾಯಬೇಕಾಗಲಿಲ್ಲ. ನೀನೇ ಕಾದುಕೊಂಡೆ. ಬಂದವರು ಚೀಲ ಬಿಚ್ಚಿ ಎಲೆ ನೀಡಿದರೆ "ಬ್ಯಾಡ ಕಣವ್ವ, ನಂಗೆ ಸುಣ್ಣ ಆಗಕಿಲ್ಲ" ಅಂತ ಕೈ ಮುಗಿಯುತ್ತಿದ್ದೆ. ಆಗಕಿಲ್ಲ ಅಂತ ಎಷ್ಟು ಮಂದಿಗೆ ಹೇಳಿದೆ. ಹೇಳಿ ಹೇಳಿ ನಿಜ ಮಾಡಲು ನೋಡಿದೆಯಾ? ನಿನ್ನ ತುಟಿಯ ಕೆಂಪು ಇಳಿದು, ಒಳಗಿನ ಬೇರೆ ಯಾರದೋ ಬಾಯಿ ಕಾಣತೊಡಗಿತು. ಎಲೆ ಮಾರುವುದನ್ನು ನಿಲ್ಲಿಸಿದೆ. "ಬಾಯಿಗೆ ಆಕದೆ ಮಾರಿದ್ರೆ ಎಲೆ ಬಾಡ್ತದೆ," ಅಂದೆ. ಸುಳ್ಳು. ಕೂಗುವುದಕ್ಕೆ ಆಗುತ್ತಿರಲಿಲ್ಲ ನಿನಗೆ.

ಆಮೇಲಾಮೇಲೆ ನಿನ್ನ ಮಾತು ನನಗೊಬ್ಬನಿಗೇ ತಿಳಿಯುತ್ತಿತ್ತು. ನೀನು ಗುನುಗುತ್ತಿದ್ದೆ, ನಾನು ಜೋರಾಗಿ ಹೇಳುತ್ತಿದ್ದೆ. ನಿನಗೆ ನಾನೇ ಮೈಕು. ಒಮ್ಮೆ ಕುದೇರು ಮಾವ ಬಂದು ಗಂಟೆಗಟ್ಟಲೆ ಕೂತು ತನ್ನ ಎಮ್ಮೆಯ ವಿಚಾರ ಹೇಳುತ್ತಿದ್ದಾಗ ನೀನು ಏನೋ ಅಂದೆ. ಅವನು "ಏನಂತಾಳ್ಲಾ ಅಕ್ಕ?" ಅಂದ. "ಮಾವನಿಗೆ ಕಾಫಿ ಮಾಡಿಕೊಡಿ ಅಂತಾಳೆ," ಅಂದೆ. ನೀನು ಅಂದದ್ದು "ಇವ್ನು ಎದ್ದೋಗದು ಯಾವಾಗ" ಅಂತ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ನೋಡಿದ್ದರೆ ನಗು ತಡೆಯುತ್ತಿರಲಿಲ್ಲ. ಆಮೇಲೆ ನುಂಗುವುದು ಕಷ್ಟವಾಯಿತು. ಗಂಜಿ ಅಡ್ಡದಾರಿ ಹಿಡಿದು ಎದೆಗೆ ಇಳಿಯಿತು, ಕಫ ಕಟ್ಟಿತು, ಜ್ವರ ಬಂತು. ಚಾಮರಾಜನಗರದ ಆಸ್ಪತ್ರೆಯ ಮಂಚದ ಮೇಲೆ ನೀನು ಕೊನೆಗೆ ನನ್ನ ಗಲ್ಲ ಹಿಡಿದು ನನ್ನ ಬಾಯಿಯನ್ನು ನೋಡಿದೆ. ಏನೋ ಹೇಳು ಅಂದ ಹಾಗಿತ್ತು. ನನಗೆ ಏನು ಹೇಳಬೇಕೋ ತಿಳಿಯದೆ, ಕಸದ ಗಾಡಿಯ ಪದ್ಯವನ್ನು ಮೆಲ್ಲಗೆ ಹೇಳಿದೆ. ತಾಯಿಯ ಕಿವಿಗೆ ಕೊನೆಯದಾಗಿ ಹಸಿಕಸ ಒಣಕಸ ಹೇಳಿದ ಮಗ ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ನೀನು ಗಮನವಿಟ್ಟು ಕೇಳಿದೆ. ನನ್ನ ನಾಲಿಗೆ ಎಲ್ಲೂ ತಡವರಿಸಲಿಲ್ಲ ಅಂತ ನೋಡಿಕೊಂಡೆಯಾ?

ಹೋದ ಪಿತೃಪಕ್ಷದಲ್ಲಿ ನಿನಗೆ ಎಡೆ ಇಟ್ಟೆವು. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಇಡಬೇಕಲ್ಲ, ಚಿಕ್ಕವ್ವನೇ ಮುಂದೆ ನಿಂತು ಮುದ್ದೆ, ಅವರೆಕಾಳು ಸಾರು, ಕಜ್ಜಾಯ, ನಿನ್ನ ಹಸಿರು ಸೀರೆ, ಎಲ್ಲ ಜೋಡಿಸಿದಳು. ಎಲೆ ಇಟ್ಟಳು, ಅಡಿಕೆ ಇಟ್ಟಳು. ನನ್ನ ಹೆಂಡತಿ ಸುಮ ಮೆಲ್ಲಗೆ, "ಚಿಕ್ಕತ್ತೆ, ಸುಣ್ಣ?" ಅಂದಳು.

"ಬ್ಯಾಡ ಕಣಮ್ಮಿ."

"ಈಗ ಅವ್ರಿಗೆ ಏನಾಗುತ್ತೆ ಬಿಡಿ."

"ಏನಾಗ್ತದೋ ನಿಂಗೇನ್ ಗೊತ್ತು? ಅಲ್ಲೋದ್ ಮೇಲೂ ಬೀಳಬೇಕಾ ಅವ್ಳು?"

ಕುದೇರು ಮಾವ ನಗಲು ಬಾಯಿ ತೆರೆದು, ಚಿಕ್ಕವ್ವನ ಮುಖ ನೋಡಿ ಕೆಮ್ಮಿದ. ಅವಳ ತುಟಿಯೂ ಕೆಂಪಗಿರಲಿಲ್ಲ. ನೀನು ಬಿಟ್ಟಾಗಿನಿಂದ ಅವಳೂ ಸುಣ್ಣ ಮುಟ್ಟಿಲ್ಲ ಅಂತ ನನಗೆ ಆಗ ತಿಳಿಯಿತು, ಯಾರಿಗೂ ಹೇಳಿರಲಿಲ್ಲ. ನನ್ನ ಜೇಬಿನಲ್ಲಿ ಸುಣ್ಣದ ಪೊಟ್ಟಣ ಇತ್ತು. ನೀನು ಬಂದು ಉಣ್ಣಲಿ ಅಂತ ಎಲ್ಲರೂ ಬಾಗಿಲು ಮುಂದೆ ಮಾಡಿ ಹೊರಗೆ ಬಂದಾಗ ನಾನು ಒಳಗೆ ಉಳಿದು ಇಟ್ಟುಬಿಡಬಹುದಿತ್ತು. ಇಡಲಿಲ್ಲ. ಎಡೆಗೆ ಸುಣ್ಣ ಇಡುವುದು ಅಂದರೆ ನಿನಗೆ ಸುದ್ದಿ ಮುಟ್ಟಿಸಿದ ಹಾಗೆ. "ಅದು ಸುಣ್ಣದಿಂದ ಅಲ್ಲವ್ವ" ಅಂತ. ಅಷ್ಟು ಕಷ್ಟಪಟ್ಟು ನಂಬಿ ಹೋದವಳಿಗೆ...

ಹೋದ ತಿಂಗಳು ಮಾದೇವನ ಈ ಕೋಣೆಯಲ್ಲೇ ಪುರಸಭೆಯ ನೀರಿನ ಪ್ರಕಟಣೆ ಓದುತ್ತಿದ್ದೆ. ಮಾಮೂಲಿ ಸಾಲು, "ಸಾರ್ವಜನಿಕರಲ್ಲಿ ಸವಿನಯ ಪ್ರಾರ್ಥನೆ." ಮಾದೇವ ಕೈ ಎತ್ತಿ ನಿಲ್ಲಿಸಿದ. "ಅಣ್ಣ, ಇನ್ನೊಂದ್ಸಲ." ಮತ್ತೆ ಓದಿದೆ. "ಇನ್ನೊಂದ್ಸಲ ಅಣ್ಣ." ಕೊನೆಗೆ ಅವನು ಯಂತ್ರದ ಮೇಲೆ ತಪ್ಪು ಹೊರಿಸಿದ, ವಯರು ಸರಿ ಇಲ್ಲ ಅಂತ ಹೊರಗೆ ಹೋಗಿ ಬಹಳ ಹೊತ್ತು ವಯರು ಹುಡುಕಿದ. ಒಳಗೆ ನಾನು ನನ್ನ ದನಿಯನ್ನು ಹಾಕಿ ಕೇಳಿದೆ. "ಸಾರ್ವಜನಿಕ" ಅನ್ನುವ ಕಡೆ ನಾಲಿಗೆ ಎಳೆದಿತ್ತು. ಸ್ವಲ್ಪವೇ. ಬಾಯಲ್ಲಿ ಎಲೆ ಇರುವವರ ಹಾಗೆ.

ಮನೆಗೆ ಬಂದು ಸುಮನಿಗೆ ಹೇಳಿದಾಗ ಅವಳು ಮೊದಲು ಬೈದಳು. "ನಿಮ್ಗೆ ನಾಲಿಗೆ ಎಳೆದ್ರೆ ಅರ್ಧ ಊರಿಗೆ ನೆಮ್ಮದಿ." ಆಮೇಲೆ ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂತಳು. "ಸೋಮವಾರ ಹೋಗೋಣ. ಇಲ್ಲ ಅಂತ ತಿಳಿದ್ರೆ ನೆಮ್ಮದಿಯಾಗಿ ನಿದ್ದೆ ಮಾಡಬಹುದು." "ಇದೆ ಅಂತ ತಿಳಿದ್ರೆ?" ಅವಳು ಒಳಕೋಣೆಯ ಕಡೆ ನೋಡಿದಳು. ಅಲ್ಲಿ ನಿನ್ನ ಮೊಮ್ಮಗಳು ಚೈತ್ರ ಕಾಲೇಜಿನ ಚರ್ಚಾಸ್ಪರ್ಧೆಗೆ ಅಭ್ಯಾಸ ಮಾಡುತ್ತಿದ್ದಳು. ಗೋಡೆಗೆ. ನಿನ್ನ ಗಂಟಲೇ ಕಣವ್ವ ಅವಳದು, ಬೀದಿಗೆ ಕೇಳುತ್ತದೆ.

ಈಗ ಹೇಳು. ಹೋಗದಿದ್ದರೆ ಏನು ನಷ್ಟ? ಔಷಧಿ ಇಲ್ಲ ಅಂತ ಅವರೇ ಹೇಳಿದ್ದಾರೆ. ನಾಲಿಗೆ ಎಳೆದದ್ದು ದಣಿವಿಗೂ ಇರಬಹುದು, ಹಲ್ಲಿಗೂ ಇರಬಹುದು. ತಿಳಿಯದೇ ಇರುವವರೆಗೂ ಅದು ಅರ್ಧಕ್ಕರ್ಧ. ತಿಳಿದ ಮೇಲೆ ಪೂರ್ತಿ. ಇದ್ದರೆ ಮಗಳಿಗೂ ಅದೇ ಅರ್ಧಕ್ಕರ್ಧವನ್ನು ಕೈಗೆ ಕೊಡಬೇಕು. ಮಾತು ಮಾರಿ ಬದುಕುವವನು ನಾನು, ಆದರೆ ಆ ಒಂದು ಮಾತನ್ನು ಅವಳಿಗೆ ಹೇಗೆ ಹೇಳುವುದು? ನಿನಗಾದರೆ ಒಂದು ದಾರಿ ಇತ್ತು. ಬಾಯಲ್ಲಿದ್ದದ್ದನ್ನು ಉಗಿದು, ತಪ್ಪು ನನ್ನದೇ, ರಕ್ತದ್ದಲ್ಲ ಅಂದುಬಿಟ್ಟೆ. ನನಗೆ ಏನಿದೆ? ಎಲೆ ಇಲ್ಲ, ಬೀಡಿ ಇಲ್ಲ, ಕುಡಿತ ಇಲ್ಲ. ಇರುವ ಒಂದೇ ಚಟ ಪ್ರಾಸ. ಮೊನ್ನೆಯಿಂದ ಯೋಚಿಸುತ್ತಿದ್ದೇನೆ, ಮೈಕಿನ ಕರೆಂಟಿನಿಂದ ಬರುತ್ತದೆ ಅಂದರೆ ಚೈತ್ರ ನಂಬುತ್ತಾಳಾ? ವಿಜ್ಞಾನ ಓದುವ ಹುಡುಗಿ, ನಗುತ್ತಾಳೆ. ನಾನು ಯಾವ ಸುಣ್ಣ ಬಿಡಲಿ ಅವ್ವ, ಮಗಳು ಉಳಿಯುವುದಕ್ಕೆ?

ಆದ್ದರಿಂದ ಗಣ್ಯರೇ, ನಗಣ್ಯರೇ, ಕಿವಿಯುಳ್ಳ ಮಹಾಜನರೇ, ಸೋಮವಾರ ಹೋಗುವುದೋ ಬಿಡುವುದೋ ಎಂಬ ಈ ಗಹನ ವಿಚಾರದಲ್ಲಿ ಸಭೆಯು ತನ್ನ ಅಭಿಪ್ರಾಯವನ್ನು

ಇಲ್ಲ ಅವ್ವ. ಆಗಲ್ಲ.

ಆ ಸೋಮವಾರ ಆಗಲೇ ಮುಗಿದುಹೋಗಿದೆ. ಹೋಗಿ ಬಂದೆವು. ಅದೇ ಡಾಕ್ಟರು, ಈ ಸಲ ಕನ್ನಡಕ ತೆಗೆಯಲಿಲ್ಲ. ನನಗೂ ಇದೆ. ನಿನಗೆ ಹೇಳಬಾರದು ಅಂತಲೇ ಇಷ್ಟುದ್ದ ಬರೆದೆ.